ಜಪಾನಿನ ಸೆಂಟೊ: ಮೊದಲು ಮೈ ತೊಳೆಯಿರಿ, ನಂತರ ನೀರಿಗಿಳಿಯಿರಿ

ಬೆಂಗಳೂರು: ಕುಂದಲಹಳ್ಳಿ, ಬ್ರೂಕ್‌ಫೀಲ್ಡ್, ವೈಟ್‌ಫೀಲ್ಡ್ ಸುತ್ತಮುತ್ತಲ ಸಾಫ್ಟ್‌ವೇರ್ ಉದ್ಯೋಗಿಗಳು ಕಚೇರಿ ಕೆಲಸದ ನಿಮಿತ್ತ ಜಪಾನಿಗೆ ತೆರಳಿ ಕೆಲಕಾಲ ತಂಗುವುದು ಈಗ ಅಪರೂಪವಲ್ಲ. ಟೋಕಿಯೊದ ಎದೊಗಾವಾ ವಾರ್ಡಿನ ನಿಶಿ-ಕಸಾಯ್ ಪ್ರದೇಶವಂತೂ ಭಾರತೀಯ ಸಾಫ್ಟ್‌ವೇರ್ ಕುಟುಂಬಗಳ ನೆಲೆಯೆಂದೇ ಹೆಸರಾಗಿದೆ. ಆದರೆ ಅಲ್ಲಿನ ಸಾರ್ವಜನಿಕ ಸ್ನಾನಗೃಹದೊಳಗೆ ಕಾಲಿಡಲು ನಮ್ಮವರು ಅಳುಕುವುದು ಸಹಜ. ಬಚ್ಚಲಿನ ಬಾಗಿಲು ಹಾಕಿಕೊಂಡು ಮೀಯುವ ಅಭ್ಯಾಸವುಳ್ಳವರು ಅಲ್ಲಿ ಅಪರಿಚಿತರ ನಡುವೆ ಬಟ್ಟೆಯಿಲ್ಲದೆ ಸ್ನಾನ ಮಾಡಬೇಕು. ಅಲ್ಲಿನ ಕ್ರಮವನ್ನು ಮೊದಲೇ ತಿಳಿದುಕೊಂಡರೆ ಅಳುಕು ಅರ್ಧದಷ್ಟು ಕಡಿಮೆಯಾಗುತ್ತದೆ.

ಸೆಂಟೊ, ಒನ್ಸೆನ್: ವ್ಯತ್ಯಾಸವೇನು?

ಬಡಾವಣೆಯ ಜನರಿಗಾಗಿ ಸಾಮಾನ್ಯವಾಗಿ ನಲ್ಲಿ ಅಥವಾ ಬಾವಿಯ ನೀರನ್ನು ಕಾಯಿಸಿ ನಡೆಸುವ ಸ್ನಾನಗೃಹವೇ ಸೆಂಟೊ. ಒನ್ಸೆನ್ ಎಂದರೆ ನೆಲದಿಂದ ಚಿಮ್ಮುವ ಬಿಸಿನೀರಿನ ಬುಗ್ಗೆ. 1948ರ ಕಾನೂನಿನ ಪ್ರಕಾರ ಮೂಲದಲ್ಲಿ ನೀರು ಕನಿಷ್ಠ 25 ಡಿಗ್ರಿ ಸೆಲ್ಸಿಯಸ್ ಇರಬೇಕು, ಇಲ್ಲವೇ ಗೊತ್ತುಪಡಿಸಿದ 19 ಪದಾರ್ಥಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿರಬೇಕು. ಸೆಂಟೊದ ಗರಿಷ್ಠ ಶುಲ್ಕವನ್ನು ಆಯಾ ಪ್ರಾಂತ್ಯದ ಆಡಳಿತವೇ ನಿಗದಿಪಡಿಸುತ್ತದೆ. ಟೋಕಿಯೊದಲ್ಲಿ 2024ರ ಆಗಸ್ಟ್‌ನಲ್ಲಿ ಅದನ್ನು ವಯಸ್ಕರಿಗೆ 550 ಯೆನ್‌ಗೆ ಏರಿಸಲಾಯಿತು.

ಇಂದಿನ ಟೋಕಿಯೊ ಆಗಿರುವ ಎದೊ ನಗರದ ಮೊದಲ ಸೆಂಟೊ 1591ರಲ್ಲಿ ಆರಂಭವಾಯಿತೆಂದು ಹೇಳಲಾಗುತ್ತದೆ. ಗೋಡೆಯ ಮೇಲೆ ಫುಜಿ ಪರ್ವತದ ಚಿತ್ರ ಬಿಡಿಸುವ ಪದ್ಧತಿ ಬಂದದ್ದು 1912ರಲ್ಲಿ, ಟೋಕಿಯೊದ ಕಾಂದಾ ಪ್ರದೇಶದ ಒಂದು ಸ್ನಾನಗೃಹದಿಂದ. 1968ರ ಹೊತ್ತಿಗೆ ದೇಶದಲ್ಲಿ ಸುಮಾರು 18 ಸಾವಿರ ಸೆಂಟೊಗಳಿದ್ದವು. ಮನೆಮನೆಗೂ ಸ್ನಾನದ ತೊಟ್ಟಿ ಬಂದಂತೆ ಅವು ಒಂದೊಂದಾಗಿ ಮುಚ್ಚಿ, ಈಗ 2 ಸಾವಿರಕ್ಕಿಂತ ಕಡಿಮೆ ಉಳಿದಿವೆ.

ಒಳಗಿನ ಕ್ರಮ

ಬಾಗಿಲಲ್ಲೇ ಪಾದರಕ್ಷೆ ಬಿಟ್ಟು, ಶುಲ್ಕ ಕೊಟ್ಟು ಒಳಗೆ ಹೋಗಬೇಕು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ವಿಭಾಗ. ಪರದೆಯ ಮೇಲಿನ ಅಕ್ಷರದ ತಲೆಯ ಮೇಲೆ ನಾಲ್ಕು ಮನೆಗಳ ಚೌಕವಿದ್ದರೆ ಅದು ಗಂಡಸರದು. ಟೋಕಿಯೊದಲ್ಲಿ 2022ರ ಜನವರಿಯಿಂದ 7 ವರ್ಷ ತುಂಬಿದ ಮಕ್ಕಳನ್ನು ಎದುರು ಲಿಂಗದವರ ವಿಭಾಗಕ್ಕೆ ಕರೆದೊಯ್ಯುವಂತಿಲ್ಲ.

ಬಟ್ಟೆಯನ್ನೆಲ್ಲ ಲಾಕರಿನಲ್ಲಿರಿಸಿ, ಚಿಕ್ಕ ಟವೆಲ್ಲೊಂದನ್ನು ಮಾತ್ರ ಹಿಡಿದು ಸ್ನಾನದ ಕೋಣೆಗೆ ಹೋಗಬೇಕು. ಈಜುಡುಗೆಗೆ ಅವಕಾಶವಿಲ್ಲ. ನಲ್ಲಿಯ ಮುಂದೆ ಪುಟ್ಟ ಮಣೆಯ ಮೇಲೆ ಕುಳಿತು ಸೋಪು ಹಚ್ಚಿ, ನೊರೆ ಪೂರ್ತಿ ಹೋಗುವಂತೆ ಮೈ ತೊಳೆದ ನಂತರವೇ ತೊಟ್ಟಿಗಿಳಿಯಬೇಕು. ನಮ್ಮ ಮನೆಗಳಲ್ಲಿ ನೀರೊಲೆಯ ಹಂಡೆಗೆ ಸೋಪಿನ ಕೈ ಅದ್ದಿದರೆ ಅಜ್ಜಿ ಗದರುತ್ತಿದ್ದುದು ನೆನಪಿದ್ದರೆ ಈ ನಿಯಮ ಹೊಸದೆನಿಸದು. ಸೆಂಟೊದ ತೊಟ್ಟಿ ಇಡೀ ಓಣಿಯ ಹಂಡೆ. ಹಾಗಾಗಿ ಟವೆಲ್ ನೀರಿಗೆ ತಾಗಬಾರದು, ಉದ್ದ ಕೂದಲನ್ನು ಮೇಲೆ ಕಟ್ಟಿಕೊಳ್ಳಬೇಕು, ಈಜಬಾರದು. ನೀರು ಸಾಮಾನ್ಯವಾಗಿ 40ರಿಂದ 44 ಡಿಗ್ರಿಯಷ್ಟು ಬಿಸಿ ಇರುತ್ತದೆ. ಮೊದಲ ಬಾರಿಗೆ ಕೆಲವೇ ನಿಮಿಷ ಸಾಕು. ಮದ್ಯ ಸೇವಿಸಿದವರು ಇಳಿಯಬಾರದು. ರಕ್ತದೊತ್ತಡ, ಹೃದ್ರೋಗವುಳ್ಳವರು ವೈದ್ಯರನ್ನು ಕೇಳಿ ಹೋಗುವುದು ಒಳಿತು.

ಬಾಗಿಲು ಎಲ್ಲರಿಗೂ ತೆರೆದಿತ್ತೇ?

ಇಲ್ಲ. ಹೊಕ್ಕೈಡೊ ದ್ವೀಪದ ಒತಾರು ನಗರದ ಸ್ನಾನಗೃಹವೊಂದು ರಷ್ಯಾದ ನಾವಿಕರ ವರ್ತನೆಯ ನೆಪವೊಡ್ಡಿ ವಿದೇಶಿಯರಿಗೆಲ್ಲ ಪ್ರವೇಶ ನಿರಾಕರಿಸಿತ್ತು. ಜಪಾನಿನ ಪೌರತ್ವ ಪಡೆದಿದ್ದ ಅಮೆರಿಕ ಮೂಲದ ವ್ಯಕ್ತಿಯನ್ನೂ ಚಹರೆ ನೋಡಿಯೇ ಹಿಂದಕ್ಕೆ ಕಳುಹಿಸಲಾಯಿತು. ಮೂವರು 2001ರಲ್ಲಿ ದಾವೆ ಹೂಡಿದರು. 2002ರ ನವೆಂಬರ್ 11ರಂದು ಸಪ್ಪೊರೊ ಜಿಲ್ಲಾ ನ್ಯಾಯಾಲಯ ಇದು ಜನಾಂಗೀಯ ತಾರತಮ್ಯವೆಂದು ಹೇಳಿ, ತಲಾ 10 ಲಕ್ಷ ಯೆನ್ ಪರಿಹಾರ ನೀಡುವಂತೆ ಸ್ನಾನಗೃಹಕ್ಕೆ ಆದೇಶಿಸಿತು. ನಗರಾಡಳಿತವನ್ನು ಮಾತ್ರ ಹೊಣೆಯಾಗಿಸಲಿಲ್ಲ. ಚವದಾರ ಕೆರೆಯ ನೀರು ಮುಟ್ಟಲು 1927ರಲ್ಲಿ ಡಾ. ಅಂಬೇಡ್ಕರ್ ಅವರು ಮಹಾಡ್ ಸತ್ಯಾಗ್ರಹ ನಡೆಸಬೇಕಾದ ನಾಡಿನವರಿಗೆ, ಈ ತೀರ್ಪಿನ ತೂಕವನ್ನು ವಿವರಿಸಬೇಕಿಲ್ಲ. ಮೈಮೇಲೆ ಹಚ್ಚೆ ಇರುವವರನ್ನು ಅನೇಕ ಒನ್ಸೆನ್‌ಗಳು ಈಗಲೂ ಬಿಡುವುದಿಲ್ಲ. ಬಡಾವಣೆಯ ಸೆಂಟೊಗಳಲ್ಲಿ ಸಾಮಾನ್ಯವಾಗಿ ಅಡ್ಡಿಯಿಲ್ಲವಾದರೂ ಮೊದಲೇ ವಿಚಾರಿಸುವುದು ಲೇಸು.

ಹಂಚಿಕೊಂಡ ನೀರು

2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ವೈಟ್‌ಫೀಲ್ಡ್ ಭಾಗದ ವಸತಿ ಸಮುಚ್ಚಯಗಳು ಟ್ಯಾಂಕರ್‌ಗಾಗಿ ಕಾದಿದ್ದವು. ಅದೇ ವರ್ಷ ಅಕ್ಟೋಬರ್ 16ರಂದು ಉದ್ಘಾಟನೆಗೊಂಡ ಕಾವೇರಿ 5ನೇ ಹಂತದ ಯೋಜನೆ, ನಗರದ ಹೊರವಲಯದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಉದ್ದೇಶದ್ದು. ಅದಕ್ಕೆ ಸಾಲ ನೀಡಿದ್ದು ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ, ಜೈಕಾ. ಸೆಂಟೊದಲ್ಲಿ ಶುದ್ಧೀಕರಿಸಿ ಮರಳಿ ಹರಿಸುವ ಒಂದೇ ತೊಟ್ಟಿಯ ನೀರಿನಲ್ಲಿ ದಿನವಿಡೀ ಹಲವರು ಮೀಯುತ್ತಾರೆ. ಪ್ರತಿಯೊಬ್ಬರೂ ತಮ್ಮ ಕೊಳೆಯನ್ನು ಹೊರಗೇ ತೊಳೆದು ಬರುವುದರಿಂದಲೇ ಇದು ಸಾಧ್ಯವಾಗಿದೆ. ಮುಂದೆ ಬರುವವನಿಗೂ ನೀರು ಶುಚಿಯಾಗಿ ಸಿಗಬೇಕೆಂಬ ಆ ಎಚ್ಚರ, ಟ್ಯಾಂಕರ್ ಕಾದು ಗೊತ್ತಿರುವ ಊರಿಗೂ ಬೇಕಾದದ್ದೇ.