ಅವಧಿ ಮುಗಿದ ಉದ್ಯೋಗ ಜಾಹೀರಾತುಗಳ ನಿರ್ವಹಣೆ

ಅರ್ಜಿಯ ಗಡುವು ಕಳೆದ, ಹುದ್ದೆ ಭರ್ತಿಯಾದ ಅಥವಾ ಉದ್ಯೋಗದಾತರು ಹಿಂಪಡೆದ ಜಾಹೀರಾತುಗಳನ್ನು ಉದ್ಯೋಗ ಜಾಲತಾಣಗಳು ಗುರುತಿಸಿ, ಹುಡುಕಾಟದಿಂದ ತೆಗೆದು, ಬೇಕಾದವನ್ನು ದಾಖಲೆಯಾಗಿ ಉಳಿಸುವ ಕೆಲಸ. ಹಳೆಯ ಜಾಹೀರಾತು ಹೊಸದರಂತೆ ಕಾಣುವ ತೊಡಕು ಮುದ್ರಿತ ಪತ್ರಿಕೆಗೆ ಇರಲಿಲ್ಲ. ಕೇಂದ್ರ ಸರ್ಕಾರ 1976ರಲ್ಲಿ ಆರಂಭಿಸಿದ ‘ಎಂಪ್ಲಾಯ್‌ಮೆಂಟ್ ನ್ಯೂಸ್’ ವಾರಪತ್ರಿಕೆಯ ಹಳೆಯ ಸಂಚಿಕೆ ಕೈಗೆ ಸಿಕ್ಕರೆ, ಹಳತೆಂದು ಮುಖಪುಟದ ದಿನಾಂಕವೇ ಹೇಳುತ್ತಿತ್ತು. 1997ರಲ್ಲಿ ನೌಕ್ರಿ ಡಾಟ್ ಕಾಮ್ ಶುರುವಾಗಿ ಜಾಹೀರಾತುಗಳು ಜಾಲಕ್ಕೆ ಏರಿದ ಮೇಲೆ, ನಿನ್ನೆಯ ಪುಟವೂ ಮೂರು ವರ್ಷದ ಹಿಂದಿನ ಪುಟವೂ ನೋಡಲು ಒಂದೇ ತೆರನಾದವು.

ಗಡುವು ಕಳೆದದ್ದನ್ನು ಪತ್ತೆಹಚ್ಚುವುದು ಸುಲಭ; ದಿನಕ್ಕೊಮ್ಮೆ ಓಡುವ ಪುಟ್ಟ ಪ್ರೋಗ್ರಾಂ ಸಾಕು. ಹುದ್ದೆ ತುಂಬಿದರೂ ಎಚ್‌ಆರ್‌ನವರು ತಾಣಕ್ಕೆ ತಿಳಿಸದೆ ಸುಮ್ಮನಾಗುವುದೇ ನಿಜವಾದ ತಲೆನೋವು. ಅಭ್ಯರ್ಥಿ ಇಂಟರ್‌ವ್ಯೂ ಕರೆಗೆ ಕಾಯುತ್ತಿರುವಾಗ ಆ ಕೆಲಸಕ್ಕೆ ಬೇರೊಬ್ಬರು ಸೇರಿ ತಿಂಗಳಾಗಿರುತ್ತದೆ. ಹೀಗಾಗಿ ಹಲವು ತಾಣಗಳು ಜಾಹೀರಾತಿಗೆ ಆಯುಸ್ಸು ಗೊತ್ತುಮಾಡಿ, ಮುಂದುವರಿಸಬೇಕಾದವರು ನವೀಕರಿಸಲಿ ಎನ್ನುತ್ತವೆ. ಬೇರೆ ತಾಣಗಳಿಂದ ಜಾಹೀರಾತು ಎತ್ತಿ ತರುವ ಕಡೆ ಮೂಲ ಅಳಿದರೂ ನಕಲು ಉಳಿದುಬಿಡುತ್ತದೆ; ಮೂಲದ ಪಟ್ಟಿಯೊಂದಿಗೆ ಆಗಾಗ ತಾಳೆ ನೋಡದೆ ಬೇರೆ ದಾರಿಯಿಲ್ಲ.

ಗಡುವಿನ ಲೆಕ್ಕದಲ್ಲೂ ಒಂದು ಮಾಮೂಲಿ ಎಡವಟ್ಟು ಇದೆ. ಕೊನೆಯ ದಿನಾಂಕ ಮಾರ್ಚ್ 31 ಎಂದರೆ ಅಭ್ಯರ್ಥಿಯ ಪಾಲಿಗೆ ಆ ರಾತ್ರಿ 11.59ರವರೆಗೆ. ಬರೀ ‘2026-03-31’ ಎಂದು ಕೊಟ್ಟರೆ ಜಾವಾಸ್ಕ್ರಿಪ್ಟ್ ಅದನ್ನು ಯುಟಿಸಿ (ಜಾಗತಿಕ ಪ್ರಮಾಣಿತ ಕಾಲ) ಮಧ್ಯರಾತ್ರಿ, ಅಂದರೆ ಭಾರತದ ಬೆಳಗಿನ 5.30 ಎಂದು ಓದುತ್ತದೆ. ಇನ್ನೂ ಹದಿನೆಂಟೂವರೆ ಗಂಟೆ ಬಾಕಿ ಇರುವಾಗಲೇ ‘ಅಪ್ಲೈ’ ಬಟನ್ ಮಾಯ. ಕೊನೆಯ ದಿನವೇ ಸೈಬರ್ ಸೆಂಟರ್‌ಗೆ ಓಡುವವರಿಗೆ ಇದರ ಪೆಟ್ಟು ದೊಡ್ಡದು. ‘23:59:59+05:30’ ಎಂದು ವೇಳೆಯನ್ನೂ ಸೇರಿಸಿ ಬರೆದರೆ ಗೊಂದಲವಿಲ್ಲ.

ಗೂಗಲ್‌ನ ಉದ್ಯೋಗ ಹುಡುಕಾಟ 2017ರಲ್ಲಿ ಅಮೆರಿಕದಲ್ಲಿ, 2018ರಲ್ಲಿ ಭಾರತದಲ್ಲಿ ಬಂತು. ಮುಗಿದ ಜಾಹೀರಾತನ್ನು ಯಂತ್ರಕ್ಕೆ ಅರ್ಥವಾಗುವಂತೆ ಮುಗಿಸಬೇಕೆಂಬುದು ಅದರ ನಿಯಮ: ಪುಟದ ಒಳಗಿನ ‘ವ್ಯಾಲಿಡ್‌ಥ್ರೂ’ (ಜಾಹೀರಾತು ಚಾಲ್ತಿಯಲ್ಲಿರುವ ಕೊನೆಯ) ದಿನಾಂಕ ಕಳೆದುಹೋದದ್ದಾಗಿರಬೇಕು, ಇಲ್ಲವೇ ಅದು ಉದ್ಯೋಗ ಜಾಹೀರಾತು ಎಂದು ಯಂತ್ರಕ್ಕೆ ತಿಳಿಸುವ ಜಾಬ್‌ಪೋಸ್ಟಿಂಗ್ ಗುರುತುಗಳನ್ನು ತೆಗೆಯಬೇಕು, ಅಥವಾ ಪುಟವೇ 404 ಇಲ್ಲವೆ 410 ಸಂಕೇತ ಕೊಡಬೇಕು. 404 ಎಂದರೆ ಸಿಗಲಿಲ್ಲ. 410 ಎಂದರೆ ಇತ್ತು, ಈಗ ಕಾಯಂ ಆಗಿ ತೆಗೆದಿದೆ. ‘ಈ ಹುದ್ದೆ ಮುಗಿದಿದೆ’ ಎಂದು ಪರದೆಯ ಮೇಲೆ ಬರೆದು, ಒಳಗಿಂದ ಎಲ್ಲ ಸರಿಯಿದೆ ಎನ್ನುವ 200 ಸಂಕೇತವನ್ನೇ ಕಳಿಸುವ ತಾಣಗಳೂ ಇವೆ. ಹಳೆಯ ಪುಟಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸುವುದು ಇನ್ನೂ ಕೆಟ್ಟ ಚಾಳಿ: ಹುಡುಕಿ ಬಂದವರಿಗೆ ಹುದ್ದೆಯೂ ಇಲ್ಲ, ಅದು ಏನಾಯಿತೆಂಬ ಉತ್ತರವೂ ಇಲ್ಲ.

ಸರ್ಕಾರಿ ನೇಮಕಾತಿಯ ಮಾತು ಬೇರೆ. ಕೆಪಿಎಸ್‌ಸಿಯಂಥ ಸಂಸ್ಥೆಗಳು ಕೊನೆಯ ದಿನಾಂಕವನ್ನು ಮುಂದೂಡುವುದುಂಟು. ತಿದ್ದುಪಡಿ ಪ್ರಕಟಣೆ ನೋಡದೆ ಮುಚ್ಚಿದರೆ ಅಭ್ಯರ್ಥಿಗೆ ನಷ್ಟ. ಗಡುವು ಮುಗಿದ ಮೇಲೂ ಹಾಲ್ ಟಿಕೆಟ್, ಕೀ ಉತ್ತರ, ಆಯ್ಕೆ ಪಟ್ಟಿ ಎಂದು ಪ್ರಕ್ರಿಯೆ ವರ್ಷಗಟ್ಟಲೆ ಸಾಗಬಹುದು. ವಯೋಮಿತಿ, ಮೀಸಲಾತಿ, ಪಠ್ಯಕ್ರಮಗಳಿಗೆ ಮೂಲ ಅಧಿಸೂಚನೆಯೇ ಆಧಾರ. ಇಂಥ ಪುಟವನ್ನು ಅಳಿಸದೆ, ‘ಅರ್ಜಿ ಸಲ್ಲಿಕೆ ಮುಗಿದಿದೆ’ ಎಂದು ಎದ್ದು ಕಾಣುವಂತೆ ಬರೆದು ಉಳಿಸುವುದೇ ಸರಿ.

ಕೆನಡಾದ ಒಂಟಾರಿಯೊ ಪ್ರಾಂತ್ಯ ಹುದ್ದೆಯ ನಿಜಸ್ಥಿತಿ ತಿಳಿಸುವ, ಹಳೆಯ ಜಾಹೀರಾತನ್ನು ದಾಖಲೆಯಾಗಿ ಉಳಿಸುವ ಹೊಣೆಯನ್ನು ಉದ್ಯೋಗದಾತರ ಮೇಲೇ ಹಾಕಿದೆ. 2026ರ ಜನವರಿ 1ರಿಂದ, 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಹುದ್ದೆ ನಿಜಕ್ಕೂ ಖಾಲಿ ಇದೆಯೇ ಎಂಬುದನ್ನು ಜಾಹೀರಾತಿನಲ್ಲೇ ಹೇಳಬೇಕು. ಅದನ್ನು ತೆಗೆದ ಮೇಲೂ ಪ್ರತಿಯನ್ನು ಮೂರು ವರ್ಷ ಕಾದಿಡಬೇಕು. ಜಾಹೀರಾತಿಗೆ ಉತ್ತರವಾಗಿ ಬಂದ ಅಭ್ಯರ್ಥಿಗಳ ಬಯೊಡೇಟಾ, ಫೋನ್ ನಂಬರುಗಳದು ಮಾತ್ರ ಬೇರೆ ನ್ಯಾಯ: ಉದ್ದೇಶ ತೀರಿದ ಮೇಲೆ ವೈಯಕ್ತಿಕ ಮಾಹಿತಿಯನ್ನು, ಬೇರೆ ಕಾನೂನು ಅಡ್ಡಿ ಇಲ್ಲದಿದ್ದರೆ, ಅಳಿಸಬೇಕೆನ್ನುತ್ತದೆ ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ.