ರಾಣಿಯ ಎಡತೋಳು

ಕರಿಘಟ್ಟದ ಮೇಲೆ ನಿಂತರೆ ಕಾವೇರಿ, ಲೋಕಪಾವನಿ, ಆಚೆ ಶ್ರೀರಂಗಪಟ್ಟಣ ಎಲ್ಲಾ ಕಾಣುತ್ತೆ. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ಈ ಬೆಟ್ಟವನ್ನು ಹಿಡಿದಿತ್ತು. ಆ ಕಾಲದ ಯುದ್ಧಗಳ ಬೆನ್ನಿಗೇ ಯೂರೋಪಿನ ಚಿತ್ರಕಾರರೂ ನಮ್ಮ ಸೀಮೆಗೆ ಬಂದರು. ಕೋಟೆ, ಬೆಟ್ಟ, ಟಿಪ್ಪುವಿನ ಮಕ್ಕಳು... ಅವರು ಬರೆದದ್ದು ಹೆಚ್ಚಾಗಿ ಇವನ್ನೇ.

ಅವರಲ್ಲೊಬ್ಬ ಐರ್ಲೆಂಡಿನ ಥಾಮಸ್ ಹಿಕಿ. 1799ರಲ್ಲಿ ಟಿಪ್ಪು ಸತ್ತಮೇಲೆ ಇಲ್ಲಿಗೆ ಬಂದವನು. 1805ರ ಸುಮಾರಿಗೆ ಅವನು ಬರೆದ ಒಂದು ತೈಲಚಿತ್ರದಲ್ಲಿ ಮೂವರು ಹೆಂಗಸರಿದ್ದಾರೆ. ಮೈತುಂಬಾ ಒಡವೆ. ಬಲಗಡೆಯವಳ ಎಡತೋಳಿನ ಮೇಲೆ ಇರಬೇಕಾದ ಸೆರಗು ಇಲ್ಲ, ಅವಳ ಕೈ ಆ ತೋಳನ್ನೇ ತೋರಿಸುತ್ತಿದೆ.

ಇವರು ಯಾರು? ಬಹಳ ಕಾಲ ನರ್ತಕಿಯರು, ವೇಶ್ಯೆಯರು ಅಂತಲೇ ಅಂದುಕೊಂಡಿದ್ದರಂತೆ! ಚಿತ್ರಕಾರನ ಮುಂದೆ ಮೈತೋರಿ ನಿಂತ ಹೆಂಗಸು ಇನ್ಯಾರಾದಾಳು ಅನ್ನೋ ಲೆಕ್ಕಾಚಾರ.

ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಹೇಳೋದೇ ಬೇರೆ. ಅವರ ಪ್ರಕಾರ ಇವರು ಮೈಸೂರಿನ ರಾಣಿಯರು. ಬಲಗಡೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಎಡಗಡೆ ಅದೇ ಹೆಸರಿನ ಹಿರಿಯ ರಾಣಿ. ನಡುವೆ ಅಜ್ಜಿ ಲಕ್ಷ್ಮಮ್ಮಣ್ಣಿ, ಗಂಡನನ್ನು ಸಿಡುಬಿಗೆ ಕಳೆದುಕೊಂಡವರು. ಕಿರಿಯ ರಾಣಿ ತೋರಿಸುತ್ತಿರುವುದು ದಾಕು ಹಾಕಿಸಿಕೊಂಡ ಜಾಗವನ್ನು!

ಜೆನ್ನರ್ ತನ್ನ ಲಸಿಕೆಯ ಬಗ್ಗೆ ಬರೆದದ್ದು 1798ರಲ್ಲಿ. ಭಾರತದಲ್ಲಿ ಮೊದಲ ಲಸಿಕೆ ಬಿದ್ದದ್ದು 1802ರಲ್ಲಿ, ಮುಂಬಯಿಯ ಮೂರು ವರ್ಷದ ಮಗುವಿಗೆ. ಆಗ ಫ್ರಿಜ್ ಎಲ್ಲಿತ್ತು? ಒಬ್ಬರ ತೋಳಿನ ಗುಳ್ಳೆಯ ಕೀವನ್ನು ಇನ್ನೊಬ್ಬರ ತೋಳಿಗೆ ಹಾಕಬೇಕು. ಮಡಿ, ಜಾತಿ, ಅಮ್ಮನ ಕೋಪ... ಜನ ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ. ರಾಣಿಯೇ ಹಾಕಿಸಿಕೊಂಡಳು ಅಂದರೆ ಜನರಿಗೆ ಧೈರ್ಯ. ಕಂಪನಿಗೂ ಅದು ಬೇಕಿತ್ತು.

ಹಾಗೆ ನೋಡಿದಾಗ ಇಡೀ ಚಿತ್ರವೇ ಬದಲಾಗುತ್ತೆ. ಹಿಕಿ ಆ ತೋಳನ್ನು ಬರೆದದ್ದು ಸೌಂದರ್ಯಕ್ಕಾಗಿ ಮಾತ್ರ ಅಲ್ಲ, ಮಾನಕ್ಕೆ ಕುಂದಾಗದಷ್ಟೇ ಸೆರಗು ಸರಿಸಿ ಒಂದು ಸುದ್ದಿ ಹೇಳೋದಕ್ಕೆ. ಬಣ್ಣ ಅದೇ, ಮೈ ಅದೇ. ನೋಡುವವರಿಗೆ ಹೆಸರು ಗೊತ್ತಿಲ್ಲದಿದ್ದಾಗ ವೇಶ್ಯೆ, ಗೊತ್ತಾದಾಗ ರಾಣಿ!

ಒಂದು ಪ್ರಶ್ನೆ ಮಾತ್ರ ನನ್ನನ್ನು ಬಿಡುತ್ತಿಲ್ಲ. ಹನ್ನೆರಡರ ಆಸುಪಾಸಿನ ಆ ಹುಡುಗಿಯನ್ನು ಯಾರಾದರೂ ಕೇಳಿದ್ದರಾ? ಅರಮನೆಗೆ ಬೇಕಿತ್ತು, ಕಂಪನಿಗೆ ಬೇಕಿತ್ತು, ತೋಳು ಮಾತ್ರ ಅವಳದ್ದು. ಜನರ ಜೀವ ಉಳಿಸುವ ಕೆಲಸ, ನಿಜ. ಆದರೂ...

ನಿಮಗೇನನ್ನಿಸುತ್ತೆ?