ಶೀಗಿ ಹುಣ್ಣಿಮೆಯ ಬುತ್ತಿ: ಶೇಂಗಾ ಹೋಳಿಗೆ, ಸೀತಾಫಲ, ಬೆಳದಿಂಗಳ ಪಾಯಸದ ಬಗ್ಗೆ ಬರುವ ಮೆಸೇಜ್‌ಗಳಲ್ಲಿ ನಿಜ ಎಷ್ಟು?

ಮಳೆಗಾಲ ಹಿಂದೆ ಸರಿದು ಚಳಿಗಾಲ ಇನ್ನೂ ಕಾಲಿಡದ ಈ ದಿನಗಳನ್ನು ಪಂಚಾಂಗ ಶರದೃತು ಎನ್ನುತ್ತದೆ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಕಡೆ ಇದು ಬುತ್ತಿಯ ಕಾಲ. ಹೆಸರು ರಾಶಿ ಮುಗಿದಿರುತ್ತದೆ, ಶೇಂಗಾ ಕೀಳುವ ಕೆಲಸ ನಡೆದಿರುತ್ತದೆ, ಎರಿ ಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ ಬಿತ್ತನೆ ಶುರುವಾಗಿರುತ್ತದೆ. ದಸರೆಯ ಬನ್ನಿ ಹಂಚಿಕೊಂಡ ಕೆಲವೇ ದಿನಗಳಿಗೆ ಶೀಗಿ ಹುಣ್ಣಿಮೆ. ಅಂದು ಮನೆಮಂದಿಯೆಲ್ಲ ಚಕ್ಕಡಿ, ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಬಸುರಿ ಭೂತಾಯಿಯ ಬಯಕೆ ತೀರಿಸಲು ಹೊಲದ ತುಂಬ ಚರಗ ಚೆಲ್ಲುತ್ತಾರೆ. ಆಮೇಲೆ ಸಜ್ಜಿ ರೊಟ್ಟಿ, ಪುಂಡಿಪಲ್ಯೆ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಕಡಬು, ಕರ್ಚಿಕಾಯಿ ಬಿಚ್ಚಿಟ್ಟು ಎಲ್ಲರೂ ಕೂಡಿ ಉಣ್ಣುತ್ತಾರೆ. ಮಲೆನಾಡಿನವರು ಇದೇ ದಿನವನ್ನು ಭೂಮಿ ಹುಣ್ಣಿಮೆ ಎಂದು ಆಚರಿಸುತ್ತಾರೆ.

ಬುತ್ತಿಯ ಜೊತೆಗೆ ಈಗ ಮೊಬೈಲಿಗೆ ಮೆಸೇಜ್‌ಗಳೂ ಬರುತ್ತವೆ. ಒಂದು ಮೆಸೇಜ್ ಹೋಳಿಗೆಯನ್ನು ಔಷಧಿ ಮಾಡಿದರೆ, ಇನ್ನೊಂದು ಸೀತಾಫಲವನ್ನು ವಿಷ ಮಾಡುತ್ತದೆ. ಈ ಕಾಲಕ್ಕೆ ಮತ್ತೆ ಮತ್ತೆ ಓಡಾಡುವ ಅಂಥ ನಾಲ್ಕು ಮಾತುಗಳನ್ನು ನಾವು ಇಲ್ಲಿ ಒಂದೊಂದಾಗಿ ನೋಡೋಣ.

1. "ಬೆಲ್ಲದ ಹೋಳಿಗೆ ಎಷ್ಟು ತಿಂದರೂ ಶುಗರ್ ಏರುವುದಿಲ್ಲ"

ಇದು ತಪ್ಪು. ಈ ನಾಲ್ಕರಲ್ಲಿ ಹೆಚ್ಚು ಜನರಿಗೆ ತೊಂದರೆ ಕೊಡಬಲ್ಲ ತಪ್ಪೂ ಇದೇ.

ಬೆಲ್ಲ, ಸಕ್ಕರೆ ಎರಡೂ ಕಬ್ಬಿನ ಹಾಲಿನಿಂದಲೇ ಬರುತ್ತವೆ. ಸಕ್ಕರೆಯನ್ನು ಶುದ್ಧೀಕರಿಸಿ ಹರಳು ಮಾಡುತ್ತಾರೆ, ಬೆಲ್ಲವನ್ನು ಕಾಯಿಸಿ ಅಚ್ಚು ಹಾಕುತ್ತಾರೆ. ಬೆಲ್ಲದಲ್ಲಿ ಸ್ವಲ್ಪ ತೇವಾಂಶ, ಸ್ವಲ್ಪ ಖನಿಜಗಳು ಉಳಿಯುತ್ತವೆ. ಉಳಿದದ್ದು ಬಹುಪಾಲು ಸಕ್ಕರೆಯೇ. 100 ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿ ಇದ್ದರೆ, 100 ಗ್ರಾಂ ಬೆಲ್ಲದಲ್ಲಿ ಸುಮಾರು 380. ಹೊಟ್ಟೆಗೆ ಹೋದ ಮೇಲೆ ಎರಡೂ ಒಡೆದು ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತವೆ.

"ಬೆಲ್ಲದಲ್ಲಿ ಕಬ್ಬಿಣಾಂಶ ಇದೆಯಲ್ಲ?" ಎಂದು ನೀವು ಕೇಳಬಹುದು. ಇದೆ, ಆದರೆ 100 ಗ್ರಾಂ ಬೆಲ್ಲದಲ್ಲಿ ಕೆಲವೇ ಮಿಲಿಗ್ರಾಂ. ಐಸಿಎಂಆರ್ 2020ರ ಶಿಫಾರಸಿನ ಪ್ರಕಾರ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು. ಅದನ್ನು ಬೆಲ್ಲದಿಂದಲೇ ತುಂಬಿಸಲು ಹೊರಟರೆ ತಿನ್ನಬೇಕಾದ ಬೆಲ್ಲವೇ ದೊಡ್ಡ ತೊಂದರೆಯಾಗುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಕಾಲು ಕಿಲೋ ಶೇಂಗಾ, 200 ಗ್ರಾಂ ಬೆಲ್ಲದ ಹೂರಣದಿಂದ 16 ಹೋಳಿಗೆ ಆಯಿತು ಅಂದುಕೊಳ್ಳಿ. ಒಂದು ಹೋಳಿಗೆಗೆ ಹನ್ನೆರಡೂವರೆ ಗ್ರಾಂ ಬೆಲ್ಲ, ಹದಿನೈದು ಹದಿನಾರು ಗ್ರಾಂ ಶೇಂಗಾ. ಕಣಕದ ಹಿಟ್ಟು, ಮೇಲೆ ಒಂದು ಚಮಚ ತುಪ್ಪ ಸೇರಿಸಿದರೆ ಒಂದಕ್ಕೆ ಸುಮಾರು 250 ಕ್ಯಾಲೊರಿ. ಎರಡು ತಿಂದರೆ 25 ಗ್ರಾಂ ಬೆಲ್ಲ ಹೊಟ್ಟೆಗೆ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ ಪ್ರಕಾರ, ಸೇರಿಸಿದ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯ ಶೇ. 10ನ್ನು ಮೀರಬಾರದು. ಅಂದರೆ ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರಿಗೆ ಸುಮಾರು 50 ಗ್ರಾಂ. ಶೇ. 5ಕ್ಕೆ, ಅಂದರೆ 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೆಯದು ಎಂದೂ ಅದು ಹೇಳುತ್ತದೆ. ಈ ಲೆಕ್ಕದಲ್ಲಿ ಬೆಲ್ಲವೂ ಸೇರುತ್ತದೆ.

ಶೇಂಗಾ ಹೋಳಿಗೆಯ ಪರವಾಗಿ ಹೇಳಬಹುದಾದ ಒಂದು ಮಾತಿದೆ. ಶೇಂಗಾದ ತೂಕದಲ್ಲಿ ಸುಮಾರು ಕಾಲು ಭಾಗ ಪ್ರೋಟೀನ್, ಸುಮಾರು ಅರ್ಧ ಕೊಬ್ಬು. ಇವು ಜೀರ್ಣವಾಗುವುದು ನಿಧಾನ. ಹಾಗಾಗಿ ಬರೀ ಸಿಹಿ ತಿಂದಾಗಿನಷ್ಟು ದಿಢೀರನೆ ಶುಗರ್ ಏರದಿರಬಹುದು. ಆದರೆ ನಿಧಾನವಾಗಿಯಾದರೂ ಏರುತ್ತದೆ.

ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟವಾದಾಗ, ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, 13.6 ಕೋಟಿ ಜನರಿಗೆ ಅದರ ಹಿಂದಿನ ಹಂತ ಇದೆ ಎಂದು ಅಂದಾಜಿಸಿತ್ತು. ಬುತ್ತಿಗೆ ಕೂತ ನಿಮ್ಮ ಪಂಕ್ತಿಯಲ್ಲೂ ಅಂಥವರು ಒಬ್ಬಿಬ್ಬರು ಇರಬಹುದು. ಅವರ ಕೈಯಿಂದ ಹೋಳಿಗೆ ಕಸಿದುಕೊಳ್ಳಬೇಕಿಲ್ಲ. ಒಂದು ಅಥವಾ ಅರ್ಧ ಹೋಳಿಗೆ ಹಾಕಿ, ಅಂದಿನ ರೊಟ್ಟಿ, ಅನ್ನ ಸ್ವಲ್ಪ ಕಡಿಮೆ ಮಾಡಿ, ಪಲ್ಯ, ಕಾಳು ಹೆಚ್ಚು ಬಡಿಸಿ. ಎಷ್ಟು ತಿನ್ನಬಹುದೆಂದು ಅವರನ್ನು ನೋಡುವ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಇನ್ನೂ ಒಳ್ಳೆಯದು.

ಅಂದಿನ ದಿನ ಇನ್ನೊಂದು ಅಪಾಯವೂ ಇದೆ. ಪೂಜೆ, ಚರಗ ಮುಗಿಯುವವರೆಗೆ ಕೆಲವರು ಉಪವಾಸ ಇರುತ್ತಾರೆ, ಊಟ ಮಧ್ಯಾಹ್ನ ಎರಡು ಮೂರು ಗಂಟೆಗೆ ಹೋಗುತ್ತದೆ. ಇನ್ಸುಲಿನ್ ಅಥವಾ ಕೆಲವು ಬಗೆಯ ಶುಗರ್ ಮಾತ್ರೆ ತೆಗೆದುಕೊಂಡು ಹೊಟ್ಟೆ ಖಾಲಿ ಬಿಟ್ಟರೆ ಶುಗರ್ ತೀರಾ ಕೆಳಗಿಳಿಯುತ್ತದೆ. ಬೆವರು, ಕೈ ನಡುಕ, ಎದೆಬಡಿತ, ಮಂಕು ಇದರ ಲಕ್ಷಣಗಳು. ಆಗ ಹೋಳಿಗೆ ಕೊಡಬೇಡಿ, ಅದು ನಿಧಾನ. ಪ್ರಜ್ಞೆ ಇದ್ದು ನುಂಗಲು ಆಗುತ್ತಿದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ನೋಡಿ, ಚೇತರಿಸದಿದ್ದರೆ ಮತ್ತೊಮ್ಮೆ ಕುಡಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

2. "ಶೇಂಗಾ ತಿಂದು ನೀರು ಕುಡಿದರೆ ಕೆಮ್ಮು ಬರುತ್ತದೆ"

ನೀರಿನಿಂದ ಕೆಮ್ಮು ಬರುತ್ತದೆ ಎನ್ನಲು ಆಧಾರವಿಲ್ಲ. ಹುರಿದ ಶೇಂಗಾದ ಒಣ ಸಿಪ್ಪೆ, ಪುಡಿ ಗಂಟಲಿಗೆ ತಾಗಿ ಕೆರೆತ ಆಗಬಹುದು, ಅಷ್ಟೇ. ಐದು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಇಡೀ ಶೇಂಗಾ ಕಾಳು ಕೊಡಬೇಡಿ, ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುವ ಭಯ ಇದೆ. ನುಣ್ಣಗೆ ಪುಡಿ ಮಾಡಿದ ಹೂರಣಕ್ಕೆ ಆ ಭಯ ಇಲ್ಲ. ಶೇಂಗಾ ಅಲರ್ಜಿ ಇದ್ದವರು ಮಾತ್ರ ಯಾವ ರೂಪದಲ್ಲೂ ತಿನ್ನಬಾರದು.

ಶೇಂಗಾದ ಬಗ್ಗೆ ನಿಜಕ್ಕೂ ಫಾರ್ವರ್ಡ್ ಆಗಬೇಕಾದ ವಿಷಯ ಬೇರೆ ಇದೆ. ಅದು ಬೂಸ್ಟು.

ಶೇಂಗಾ ಕೀಳುವ ಹೊತ್ತಿಗೇ ಹಿಂಗಾರಿ ಮಳೆ ಹೊಡೆದರೆ ಕಾಯಿ ಸರಿಯಾಗಿ ಒಣಗುವುದಿಲ್ಲ. ತೇವ ಇರುವ, ಒಡೆದ, ಹುಳು ಹಿಡಿದ ಕಾಯಿಯಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಬೆಳೆಯುತ್ತದೆ. ಅದು ಬಿಡುವ ವಿಷದ ಹೆಸರು ಅಫ್ಲಾಟಾಕ್ಸಿನ್. ಇದು ಗೊತ್ತಾಗಿದ್ದೇ ಶೇಂಗಾದಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು, ಕಾರಣ ಹುಡುಕಿದಾಗ ಅವುಗಳಿಗೆ ಹಾಕಿದ್ದ ಶೇಂಗಾ ಹಿಂಡಿಯಲ್ಲಿ ಈ ವಿಷ ಸಿಕ್ಕಿತು. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಕೆಲವು ಹಳ್ಳಿಗಳಲ್ಲಿ ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು ಲಿವರ್ ಕೆಟ್ಟು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ದೇಹ ಸೇರಿದರೆ ಇದು ಲಿವರ್ ಕ್ಯಾನ್ಸರ್‌ಗೆ ಕಾರಣವಾಗುತ್ತದೆ.

"ಚೆನ್ನಾಗಿ ಹುರಿದರೆ ಸರಿಹೋಗುತ್ತದೆ" ಎನ್ನುವವರಿದ್ದಾರೆ. ಮನೆಯಲ್ಲಿ ಹುರಿಯುವ ಶಾಖಕ್ಕೆ ಬೂಸ್ಟು ಸಾಯಬಹುದು, ಆದರೆ ವಿಷ ಪೂರ್ತಿ ಹೋಗುವುದಿಲ್ಲ. ಬೆಲ್ಲ, ಏಲಕ್ಕಿ ಹಾಕಿದರೆ ಕಹಿ ಮುಚ್ಚಿಹೋಗುತ್ತದೆ, ಅದು ಇನ್ನೂ ಅಪಾಯ. ಆದ್ದರಿಂದ ಹೂರಣಕ್ಕೆ ಶೇಂಗಾ ಹುರಿಯುವ ಮೊದಲು ಮೊರದಲ್ಲಿ ಹರಡಿ ನೋಡಿ. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಹಸಿರು ಅಥವಾ ಕಪ್ಪು ಬೂಸ್ಟು ಕಂಡ, ಕಮಟು ವಾಸನೆಯ ಕಾಳು ಆರಿಸಿ ತೆಗೆಯಿರಿ. ಬಾಯಿಗೆ ಹಾಕಿದ ಕಾಳು ಕಹಿ ಎನಿಸಿದರೆ ಉಗುಳಿ.

ಆರಿಸಿ ತೆಗೆದದ್ದನ್ನು ಎಮ್ಮೆ ಆಕಳಿಗೆ ಹಾಕುವುದೂ ಸರಿಯಲ್ಲ. ಈ ವಿಷದ ಒಂದು ಭಾಗ ರೂಪ ಬದಲಿಸಿ ಹಾಲಿಗೆ ಬರುತ್ತದೆ, ಆ ಹಾಲು ಕುಡಿಯುವುದು ನಮ್ಮ ಮಕ್ಕಳೇ. ಗಾಣಕ್ಕೆ ಕಳಿಸಿದರೂ ಬಹುಪಾಲು ಹಿಂಡಿಯಲ್ಲಿ, ಸ್ವಲ್ಪ ಎಣ್ಣೆಯಲ್ಲಿ ಉಳಿಯುತ್ತದೆ. ಬೆಳೆದವರು ಕಾಯಿಯನ್ನು ತೇವಾಂಶ ಶೇ. 8ರ ಆಸುಪಾಸಿಗೆ ಇಳಿಯುವವರೆಗೆ ಒಣಗಿಸಬೇಕು. ಕೈಯಲ್ಲಿ ಹಿಡಿದು ಅಲುಗಾಡಿಸಿದಾಗ ಒಳಗೆ ಕಾಳು ಗಲಗಲ ಅನ್ನಬೇಕು. ಪ್ಲಾಸ್ಟಿಕ್ ಚೀಲ ಬಿಟ್ಟು ಗೋಣಿಚೀಲದಲ್ಲಿ ತುಂಬಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ.

3. "ಸೀತಾಫಲ ತಿಂದರೆ ನೆಗಡಿ, ಶುಗರ್ ಇದ್ದವರಿಗೆ ವಿಷ"

ನೆಗಡಿ ಬರುವುದು ವೈರಸ್‌ನಿಂದ, ಹಣ್ಣಿನಿಂದ ಅಲ್ಲ. ಮಳೆ ನಿಂತು ರಾತ್ರಿ ತಂಪಾಗುವ ದಿನಗಳಲ್ಲಿ ಮನೆ ಮನೆಯಲ್ಲೂ ನೆಗಡಿ ಇರುತ್ತದೆ. ಸಂತೆಗೆ ಸೀತಾಫಲ ಬರುವುದೂ ಅದೇ ದಿನಗಳಲ್ಲಿ. ಎರಡೂ ಒಟ್ಟಿಗೆ ಬಂದದ್ದಕ್ಕೆ ತಪ್ಪು ಹಣ್ಣಿನ ಮೇಲೆ ಬಿದ್ದಿದೆ. ವಿಟಮಿನ್ ಸಿ, ನಾರು ಎರಡೂ ಈ ಹಣ್ಣಿನಲ್ಲಿವೆ.

ಸೀತಾಫಲ ಸಿಹಿ ಹೆಚ್ಚಿರುವ ಹಣ್ಣು ಎಂಬುದು ನಿಜ. 100 ಗ್ರಾಂ ತಿರುಳಿನಲ್ಲಿ 20ರಿಂದ 25 ಗ್ರಾಂ ಕಾರ್ಬೋಹೈಡ್ರೇಟ್, ಸುಮಾರು 100 ಕ್ಯಾಲೊರಿ ಇರುತ್ತದೆ. ಶುಗರ್ ಹತೋಟಿಯಲ್ಲಿ ಇರುವವರು ಸಣ್ಣ ಹಣ್ಣೊಂದರಲ್ಲಿ ಅರ್ಧವನ್ನು ಊಟದ ಜೊತೆಗಲ್ಲದೆ ಬೇರೆ ಹೊತ್ತಿನಲ್ಲಿ ತಿನ್ನಬಹುದು. ಬುಟ್ಟಿ ಮುಂದಿಟ್ಟುಕೊಂಡು ನಾಲ್ಕೈದು ತಿಂದರೆ ಶುಗರ್ ಇಲ್ಲದವರಿಗೂ ಅತಿಯಾಗುತ್ತದೆ.

ಇಲ್ಲಿ ನಿಜವಾಗಿ ಎಚ್ಚರಿಕೆ ಬೇಕಿರುವುದು ಬೀಜದ ಬಗ್ಗೆ. "ಸೀತಾಫಲದ ಬೀಜ ಅರೆದು ತಲೆಗೆ ಹಚ್ಚಿದರೆ ಹೇನು ಹೋಗುತ್ತದೆ" ಎಂಬ ಮನೆಮದ್ದು ಹಳೆಯದು. ಬೀಜದಲ್ಲಿ ಹುಳು ಕೊಲ್ಲುವ ವಿಷ ಇರುವುದು ನಿಜ, ಅದೇ ವಿಷ ಕಣ್ಣಿಗೆ ಬಿದ್ದರೆ ಕಣ್ಣಿನ ಮೇಲ್ಪದರ ಸುಟ್ಟಂತಾಗುತ್ತದೆ. ಹೀಗೆ ಕಣ್ಣಿಗೆ ಗಾಯ ಮಾಡಿಕೊಂಡು ಬಂದವರ ಬಗ್ಗೆ ನಮ್ಮ ದೇಶದ ಕಣ್ಣಿನ ವೈದ್ಯರೇ ವರದಿ ಮಾಡಿದ್ದಾರೆ. ಆಕಸ್ಮಿಕವಾಗಿ ಬಿದ್ದರೆ ಉಜ್ಜಬೇಡಿ, ಹದಿನೈದು ನಿಮಿಷ ಶುದ್ಧ ನೀರು ಹರಿಸಿ ತೊಳೆದು ಕಣ್ಣಿನ ವೈದ್ಯರ ಬಳಿ ಹೋಗಿ. ಹೇನಿಗೆ ಔಷಧ ಅಂಗಡಿಯಲ್ಲಿ ಸುರಕ್ಷಿತ ಲೋಷನ್ ಸಿಗುತ್ತದೆ.

4. "ಹುಣ್ಣಿಮೆ ರಾತ್ರಿ ಬೆಳದಿಂಗಳಲ್ಲಿಟ್ಟ ಪಾಯಸ ತಿಂದರೆ ದಮ್ಮು ವಾಸಿ"

ಶೀಗಿ ಹುಣ್ಣಿಮೆಯ ದಿನವೇ ಉತ್ತರ ಭಾರತದಲ್ಲಿ ಶರದ್ ಪೂರ್ಣಿಮೆ. ಅಲ್ಲಿ ಅಕ್ಕಿ ಪಾಯಸವನ್ನು ರಾತ್ರಿಯಿಡೀ ಬೆಳದಿಂಗಳಲ್ಲಿಟ್ಟು ತಿನ್ನುವ ಪದ್ಧತಿ ಇದೆ. ಅದೇ ಮಾತು ಈಗ ಕನ್ನಡದ ಮೆಸೇಜ್ ಆಗಿ "ಅಸ್ತಮಾ ಶಾಶ್ವತ ಪರಿಹಾರ" ಎಂಬ ತಲೆಬರಹದೊಂದಿಗೆ ನಮ್ಮ ಊರುಗಳಿಗೂ ಬರುತ್ತಿದೆ.

ಬೆಳದಿಂಗಳು ಎಂದರೆ ಚಂದ್ರನಿಗೆ ಬಡಿದು ವಾಪಸ್ ಬಂದ ಬಿಸಿಲೇ. ಹುಣ್ಣಿಮೆಯ ಬೆಳಕು ಬಿಸಿಲಿಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಮಂದ. ಪಾಯಸದಲ್ಲಿ ಔಷಧ ಹುಟ್ಟಿಸುವ ಶಕ್ತಿ ಅದಕ್ಕಿಲ್ಲ. ರಾತ್ರಿಯಿಡೀ ಹೊರಗಿಟ್ಟ ಹಾಲು, ಅನ್ನದಲ್ಲಿ ಬ್ಯಾಕ್ಟೀರಿಯಾ ಮಾತ್ರ ಬೆಳೆಯುತ್ತವೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಬದುಕುತ್ತವೆ, ಅವು ಬಿಡುವ ಒಂದು ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ವಾಂತಿ, ಭೇದಿ ಶುರುವಾಗುತ್ತದೆ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಪದ್ಧತಿ ಇರುವವರು ಅರ್ಧ ಗಂಟೆ ಬೆಳದಿಂಗಳಲ್ಲಿಟ್ಟು, ಮುಚ್ಚಳ ಮುಚ್ಚಿ, ಅಂದೇ ಉಂಡು ಮುಗಿಸಿದರೆ ತೊಂದರೆ ಇಲ್ಲ. ಆದರೆ ದಮ್ಮು ಇರುವವರು ಪಾಯಸ ನಂಬಿ ಇನ್ಹೇಲರ್ ಬಿಟ್ಟರೆ ಅದು ಜೀವಕ್ಕೆ ಅಪಾಯ. ರಾಶಿಯ ಧೂಳು, ಹೊಟ್ಟು ಏಳುವ ಈ ದಿನಗಳಲ್ಲಿ ದಮ್ಮು ಕೆರಳುವುದು ಸಾಮಾನ್ಯ. ಹೊಲಕ್ಕೆ ಹೋಗುವಾಗ ಬುತ್ತಿಯ ಜೊತೆ ಇನ್ಹೇಲರ್ ಕೂಡ ಚೀಲದಲ್ಲಿರಲಿ.

ಹಾಗಾದರೆ ಈ ಹಬ್ಬಗಳಲ್ಲಿ ಏನು ಮಾಡೋಣ?

• ಹೋಳಿಗೆಯನ್ನು ಸಣ್ಣದಾಗಿ ಮಾಡಿ. ರುಚಿ ಅದೇ, ಬೆಲ್ಲ ಕಡಿಮೆ.
• ಶೀಗಿ ಹುಣ್ಣಿಮೆಯಿಂದ ದೀಪಾವಳಿ ಅಮಾವಾಸ್ಯೆಗೆ ಹದಿನೈದು ದಿನ. ಕರ್ಚಿಕಾಯಿ, ಶಂಕರಪಾಳಿ, ಉಂಡಿ ಡಬ್ಬಿ ತುಂಬಿ ದಿನವೂ ಕೈ ಹಾಕುವ ಬದಲು ಹಬ್ಬಕ್ಕೆ ಬೇಕಾದಷ್ಟೇ ಮಾಡಿ ಹಂಚಿ.
• ಶೇಂಗಾ ಆರಿಸದೆ ಹುರಿಯಬೇಡಿ.
• ಊಟವಾದ ಮೇಲೆ ಹೊಲದ ಬದುವಿನ ಮೇಲೆ ಒಂದು ಸುತ್ತು ಹಾಕಿ. ಉಂಡ ಮೇಲಿನ ನಡಿಗೆ ಶುಗರ್ ಏರುವುದನ್ನು ತಗ್ಗಿಸುತ್ತದೆ.
• ಮಾತ್ರೆ, ಇನ್ಸುಲಿನ್, ಇನ್ಹೇಲರ್‌ಗೆ ಹಬ್ಬದ ರಜೆ ಕೊಡಬೇಡಿ.

ಒಟ್ಟಿನಲ್ಲಿ ಹೇಳುವುದಾದರೆ

ಶೇಂಗಾ ಹೋಳಿಗೆ ಔಷಧವಲ್ಲ, ಸೀತಾಫಲ ವಿಷವಲ್ಲ. ಎರಡೂ ಈ ಕಾಲಕ್ಕೆ ಹೊಲ, ಗಿಡ ಕೊಡುವ ಸಿಹಿ. ವರ್ಷಕ್ಕೊಮ್ಮೆ ಹೊಲದಲ್ಲಿ ಕೂತು ಹಿಡಿಯಷ್ಟನ್ನು ಭೂಮಿಗೆ, ಉಳಿದದ್ದನ್ನು ಅಕ್ಕಪಕ್ಕದವರಿಗೆ ಕೊಟ್ಟು ಉಣ್ಣುವ ಪದ್ಧತಿಯಲ್ಲೇ ಒಂದು ಮಿತಿ ಇತ್ತು. "ಎಷ್ಟು ತಿಂದರೂ ಏನೂ ಆಗಲ್ಲ" ಎನ್ನುವ ಮೆಸೇಜ್ ಕಳಚಿಹಾಕುವುದು ಆ ಮಿತಿಯನ್ನೇ.

ಇನ್ನು ಮುಂದೆ ಗ್ರೂಪಿನಲ್ಲಿ ಇಂಥದ್ದು ಬಂದರೆ, ಇದನ್ನು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ ಏನಾದೀತು ಎಂದು ಫಾರ್ವರ್ಡ್ ಒತ್ತುವ ಮುನ್ನ ಒಮ್ಮೆ ಯೋಚಿಸಿ. ಕಳಿಸಲೇಬೇಕು ಅನಿಸಿದರೆ ಬೂಸ್ಟು ಹಿಡಿದ ಶೇಂಗಾದ ವಿಷಯ ಕಳಿಸಿ. ಶೇಂಗಾ ಕೀಳುತ್ತಿರುವ ಮನೆಗಳಿಗೆ ಅದು ಈಗಲೇ ಬೇಕಾದ ಮಾಹಿತಿ.